ಸಿ-ಪ್ರೋಟೀನಿನ ತುಂಡು ಹಿಡಿದ ಕಥೆ: ನನ್ನ ಅನುಭವ

ಏನೂ ಆಗದ ಆರು ಇಲಿಗಳಿಗೂ ಹೃದಯಾಘಾತವಾಗಿದೆ ಎಂದು ನಮ್ಮ ಮೊದಲ ಬ್ಲಾಟ್ (ಪ್ರೋಟೀನುಗಳನ್ನು ತೂಕದ ಪ್ರಕಾರ ಬಿಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಸಾರಿತು. ಎಡಗಡೆಯ ಆರು ಲೇನು ಹೃದಯದ ರಕ್ತನಾಳ ಕಟ್ಟಿದ ಇಲಿಗಳದ್ದು, ಬಲಗಡೆಯ ಆರು ಎದೆ ತೆರೆದು ಸುಮ್ಮನೆ ಹೊಲಿದವು. ಹನ್ನೆರಡರಲ್ಲೂ 40 ಕಿಲೋಡಾಲ್ಟನ್ ಹತ್ತಿರ ಒಂದೇ ಅಚ್ಚಿನಲ್ಲಿ ಹೊಯ್ದಂಥ ಕಪ್ಪು ಬ್ಯಾಂಡು, ಹೃದಯಸ್ನಾಯುವಿನ ಸಿ-ಪ್ರೋಟೀನ್ ತುಂಡಾಗಿದೆ ಎಂಬುದರ ಗುರುತು. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಮೆಲ್ಲಗೆ, "ಮೇಡಂ, ಲೇಬಲ್ ಅದಲುಬದಲಾಗಿರಬಹುದಾ?" ಅಂದಳು. ಹನ್ನೆರಡೂ ಒಂದೇ ಥರ ಇದ್ದ ಮೇಲೆ ಲೇಬಲ್ ಅದಲುಬದಲಾದರೇನು, ಬಿಟ್ಟರೇನು.

ತಪ್ಪು ಎಲ್ಲಿದೆ ಅಂತ ತಿಳಿಯಲು ಹತ್ತು ದಿನ ಹಿಡಿಯಿತು. ಅಂಗಾಂಶ ಅರೆಯುವ ಬಫರಿಗೆ ನಾವು ಹಾಕಿದ್ದು ಬರೀ ಪಿಎಂಎಸ್‌ಎಫ್. ಅದು ಸೀರಿನ್ ಪ್ರೋಟಿಯೇಸ್‌ಗಳನ್ನು (ಪ್ರೋಟೀನ್ ಕತ್ತರಿಸುವ ಕಿಣ್ವಗಳ ಒಂದು ಜಾತಿ) ತಡೆಯುತ್ತದೆ. ಸಿ-ಪ್ರೋಟೀನನ್ನು ಕತ್ತರಿಸುವ ಕ್ಯಾಲ್ಪೇನ್ ಸಿಸ್ಟೀನ್ ಜಾತಿಯದು, ಪಿಎಂಎಸ್‌ಎಫ್ ಅದಕ್ಕೆ ಕ್ಯಾರೇ ಅನ್ನುವುದಿಲ್ಲ. ಕ್ಯಾಲ್ಪೇನ್ ಕೆಲಸ ಮಾಡಲು ಕ್ಯಾಲ್ಸಿಯಂ ಬೇಕು, ಜೀವಂತ ಕೋಶದಲ್ಲಿ ಅದು ಬಿಗಿ ಹಿಡಿತದಲ್ಲಿರುತ್ತದೆ. ಹೋಮೊಜಿನೈಸರ್ ಒಂದು ಸಲ ತಿರುಗಿತೋ, ಎಲ್ಲ ಗೋಡೆಗಳೂ ಒಡೆದು ಕ್ಯಾಲ್ಸಿಯಂ ಕ್ಯಾಲ್ಪೇನಿನ ಕೈಗೆ ಸಿಗುತ್ತದೆ. ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಇಲ್ಲ, ಕ್ಯಾಲ್ಪೇನ್ ತಡೆಯುವ ಇ-64 ಇಲ್ಲ, ಐಸ್ ಮೇಲೆ ಇಟ್ಟಿದ್ದೇವೆ ಅನ್ನುವ ಧೈರ್ಯ ಬೇರೆ. ರೋಗ ಇಲಿಯಲ್ಲಿರಲಿಲ್ಲ, ನಮ್ಮ ಟ್ಯೂಬಿನಲ್ಲಿತ್ತು.

ಈ ಕೆಲಸ ಶುರುವಾಗಿದ್ದೇ ಹೀಗೆ. ಮೂರು ವರ್ಷ ಆದ ಮೇಲೆ ಈಗ ಬರೆಯುತ್ತಿರುವುದು, ಕೊನೆಗೂ ಆ ತುಂಡನ್ನು ರಕ್ತದಲ್ಲಿ ಹುಡುಕುವ ನಮ್ಮ ಪರೀಕ್ಷೆಯ ಪ್ಲೇಟು ಹಳದಿಯಾಗಬೇಕಾದ ಕಡೆ ಮಾತ್ರ ಹಳದಿಯಾಗುತ್ತಿದೆ ಎಂಬ ಕಾರಣಕ್ಕೆ. ಆಗುವುದಿಲ್ಲ ಅಂದವರು ಇದ್ದರು ಎಂಬುದೂ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ.

ನಮ್ಮ ಲ್ಯಾಬಿನಲ್ಲಿ ಕಾರ್ಡಿಯಾಕ್ ಮಯೋಸಿನ್ ಬೈಂಡಿಂಗ್ ಪ್ರೋಟೀನ್-ಸಿ ಅಂತ ಪೂರ್ತಿ ಹೇಳುವ ತಾಳ್ಮೆ ಯಾರಿಗೂ ಇಲ್ಲ, ಸಿ-ಪ್ರೋಟೀನ್ ಅಂತೀವಿ. 1970ರ ದಶಕದ ಆರಂಭದಲ್ಲಿ ಜೆರಾಲ್ಡ್ ಆಫರ್ ಮತ್ತು ಸಂಗಡಿಗರು ಇಟ್ಟ ಹೆಸರೇ ಅದು. ಎಷ್ಟು ತೊಳೆದರೂ ಮಯೋಸಿನ್ (ಸ್ನಾಯುವನ್ನು ಸಂಕುಚಿಸುವ ಪ್ರೋಟೀನ್) ಜೊತೆ ಅಂಟಿಕೊಂಡು ಬರುತ್ತಿದ್ದ ಕಲ್ಮಶ. ಕಲ್ಮಶ ಅಂದುಕೊಂಡಿದ್ದು ಈಗ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿಯ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿದೆ. ಅದರ ಜೀನ್ ಎಂವೈಬಿಪಿಸಿ3 ಕೆಟ್ಟರೆ ಹೃದಯದ ಗೋಡೆ ದಪ್ಪಗಾಗುತ್ತದೆ ಎಂದು 1995ರಿಂದಲೇ ಗೊತ್ತು. ನನ್ನ ಗಮನ ಜೀನಿನ ಮೇಲಿರಲಿಲ್ಲ, ತುಂಡಿನ ಮೇಲಿತ್ತು. ಹೃದಯಕ್ಕೆ ರಕ್ತ ನಿಂತಾಗ ಕ್ಯಾಲ್ಪೇನ್ ಈ ಪ್ರೋಟೀನಿನ ತಲೆಯ ಭಾಗವನ್ನು ಕತ್ತರಿಸುತ್ತದೆ. ಸಿ0, ಸಿ1 ಡೊಮೇನುಗಳು (ಪ್ರೋಟೀನಿನ ಬಿಡಿ ಭಾಗಗಳು), ಜೊತೆಗೆ ಎಂ-ಡೊಮೇನಿನ ಒಂದು ಚೂರು, ಒಟ್ಟು ಸುಮಾರು 270 ಅಮೈನೋ ಆಮ್ಲ. ಈ ತುಂಡು ರಕ್ತಕ್ಕೂ ಹೋಗುತ್ತದೆ, ಉಳಿದ ಕೋಶಗಳಲ್ಲಿ ಮಯೋಸಿನ್ನಿನ ಜೋಡಿಯಾದ ಆಕ್ಟಿನ್‌ಗೂ ಅಂಟಿ ಸಂಕೋಚನ ಕೆಡಿಸುತ್ತದೆ. ಅಂದರೆ ಅಳೆಯಬೇಕಾದದ್ದೂ ಅದೇ, ತಡೆಯಬೇಕಾದದ್ದೂ ಅದೇ. ಹೃದಯಾಘಾತ ಪತ್ತೆಗೆ ಆಸ್ಪತ್ರೆಗಳು ರಕ್ತದಲ್ಲಿ ಅಳೆಯುವ ಟ್ರೊಪೋನಿನ್‌ನಲ್ಲಿ ಈ ಎರಡೂ ಒಂದೇ ಕಡೆ ಸಿಗುವುದಿಲ್ಲ ಅನ್ನುವುದು ನನ್ನ ವಾದವಾಗಿತ್ತು.

ಸಿ-ಪ್ರೋಟೀನನ್ನು ರಕ್ತದಲ್ಲಿ ಅಳೆಯುವುದು ಹೊಸದೇನಲ್ಲ. ಬೇರೆ ತಂಡಗಳು ಮಾಡಿವೆ, ಚೆನ್ನಾಗಿಯೇ ಮಾಡಿವೆ. ಆದರೆ ಅವು ಸಾಮಾನ್ಯವಾಗಿ ಹಿಡಿಯುವುದು ತಲೆಭಾಗದ ಎರಡು ಜಾಗಗಳನ್ನು. ಹಾಗೆ ಹಿಡಿದರೆ ಇಡೀ ಪ್ರೋಟೀನೂ ಸಿಗುತ್ತದೆ, ತುಂಡೂ ಸಿಗುತ್ತದೆ. ನನಗೆ ಬೇಕಾಗಿದ್ದು ಕತ್ತರಿಸಿದ ತುದಿಯನ್ನು ಮಾತ್ರ ಗುರುತಿಸುವ ಆಂಟಿಬಾಡಿ. ಕತ್ತರಿ ಬೀಳುವ ಮುಂಚೆ ಆ ತುದಿ ಅನ್ನುವುದೇ ಇರುವುದಿಲ್ಲ, ಬಿದ್ದ ಮೇಲೆ ಹುಟ್ಟುತ್ತದೆ. ಕ್ಯಾಲ್ಪೇನ್ ಕತ್ತರಿಸುವ ಇನ್ನೊಂದು ಪ್ರೋಟೀನ್ ಸ್ಪೆಕ್ಟ್ರಿನ್ ಮೇಲೆ ಕೆಲಸ ಮಾಡಿದವರಿಗೆ ಈ ಉಪಾಯ ಹಳೆಯದು.

ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ಒಬ್ಬ ಹಿರಿಯರು ಮೂಗು ಮುರಿದರು. "ಟ್ರೊಪೋನಿನ್ ಇದೆಯಲ್ಲಮ್ಮ, ಇನ್ನೊಂದು ಯಾಕೆ? ಅದೂ ಅಲ್ಲದೆ ಆ ತುಂಡು ರಕ್ತದಲ್ಲಿ ಹತ್ತು ನಿಮಿಷ ಉಳಿಯೋದಿಲ್ಲ." 1954ರಲ್ಲಿ ಹೃದಯಾಘಾತದ ರಕ್ತಪರೀಕ್ಷೆಯಾಗಿ ಎಸ್‌ಜಿಒಟಿ ಬಂದಾಗ ಅದೇ ಸಾಕು ಅಂದವರಿದ್ದಿರಬೇಕು, ಆಮೇಲೆ ಸಿಕೆ-ಎಂಬಿ ಬಂದಾಗಲೂ. ಇದನ್ನು ಅಲ್ಲೇ ಹೇಳಬೇಕಿತ್ತು. ಎಂದಿನಂತೆ ಮೆಟ್ಟಿಲಿಳಿಯುವಾಗ ಹೊಳೆಯಿತು.

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಈ ಹುಚ್ಚಿಗೆ ಇಳಿಸಿದ್ದೇ ಅದು. ರೆಡಿಮೇಡ್ ಎಲೈಸಾ (ಆಂಟಿಬಾಡಿಯಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ಕಿಟ್ಟಿನ ಪ್ಲೇಟಿನಲ್ಲಿ 96 ಬಾವಿ, ಅಂದರೆ ಪುಟ್ಟ ಗುಳಿ. ಸ್ಟ್ಯಾಂಡರ್ಡ್ ಕರ್ವಿಗೆ ಎರಡೆರಡರಂತೆ 16 ಹೋಯಿತು, ಕಂಟ್ರೋಲಿಗೆ ನಾಲ್ಕು. ಉಳಿದದ್ದರಲ್ಲಿ ಡೂಪ್ಲಿಕೇಟ್ ಹಾಕಿದರೆ 38 ಸ್ಯಾಂಪಲ್. ನಮ್ಮ ವರ್ಷದ ಕನ್ಸ್ಯೂಮಬಲ್ಸ್ ಹಣದಲ್ಲಿ ಅಂಥ ಕಿಟ್ಟು ಆರು ಕೊಂಡರೆ ಪಿಪೆಟ್ ಟಿಪ್ಪಿಗೂ ಕಾಸು ಉಳಿಯುತ್ತಿರಲಿಲ್ಲ. ಅದೂ ತುಂಡು-ಇಡಿ ಬೇಧವಿಲ್ಲದ ಕಿಟ್ಟು. ಮೊಲಕ್ಕೆ ಚುಚ್ಚಿಸಿ ನಾವೇ ಆಂಟಿಬಾಡಿ ಮಾಡಿಸಿದರೆ ಮೊದಲ ವರ್ಷ ಹೊರೆಯಾದರೂ ಆಮೇಲೆ ಪ್ಲೇಟಿನ ಖರ್ಚು ಮಾತ್ರ ಅಂತ ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಒಂದೇ ಸಲಕ್ಕೆ ಆಂಟಿಬಾಡಿ ಬರುತ್ತದೆ ಅಂದುಕೊಂಡದ್ದು ತಪ್ಪು.

ಮೊಲಕ್ಕೆ ಚುಚ್ಚಿಸಿದ ಮೊದಲ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರ) 15 ಅಮೈನೋ ಆಮ್ಲದ್ದು. ಉದ್ದ ಇದ್ದರೆ ಮೊಲಕ್ಕೆ ಚೆನ್ನಾಗಿ ಕಾಣಿಸುತ್ತದೆ ಅನ್ನುವುದು ನನ್ನ ಯೋಚನೆ. ಮೊಲಕ್ಕೇನೋ ಚೆನ್ನಾಗಿಯೇ ಕಾಣಿಸಿತು. ಟೈಟರ್ (ಸೀರಮ್ಮನ್ನು ಎಷ್ಟು ಪಟ್ಟು ತೆಳು ಮಾಡಿದರೂ ಆಂಟಿಬಾಡಿ ಕಾಣುತ್ತದೆ ಅನ್ನುವ ಅಂಕಿ) ಒಂದು ಲಕ್ಷದ ಆಚೆ. ನಾನು ಹಿಗ್ಗಿ ಹೀರೇಕಾಯಿಯಾದೆ. ಬ್ಲಾಟ್ ಮಾಡಿದರೆ 140ರ ಹತ್ತಿರ ಇಡೀ ಪ್ರೋಟೀನೂ ಬೆಳಗುತ್ತಿದೆ, 40ರ ತುಂಡೂ ಬೆಳಗುತ್ತಿದೆ. ಮೊಲ ಹಿಡಿದದ್ದು ತುದಿಯನ್ನಲ್ಲ, ಪೆಪ್ಟೈಡಿನ ನಡುವನ್ನು. ನಡು ಇಡೀ ಪ್ರೋಟೀನಿನಲ್ಲೂ ಇದ್ದೇ ಇರುತ್ತದೆ. ಎರಡು ಮೊಲ, ನಾಲ್ಕು ತಿಂಗಳು, ಆ ವರ್ಷದ ಹಣದ ಕಾಲುಭಾಗ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆ ಸೀರಮ್ ಇನ್ನೂ ಫ್ರೀಜರಿನಲ್ಲಿದೆ. ಇಡೀ ಪ್ರೋಟೀನಿಗೆ ಒಳ್ಳೆಯ ಆಂಟಿಬಾಡಿ, ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.

ಎರಡನೇ ಸಲ ಎಂಟಕ್ಕಿಳಿಸಿದೆ. ಕತ್ತರಿಸಿದ ತುದಿಯ ಕಾರ್ಬಾಕ್ಸಿಲ್ ಖಾಲಿ ಇರಬೇಕು, ಆದ್ದರಿಂದ ಸಿಸ್ಟೀನನ್ನು ಆಚೆ ತುದಿಗೆ ಸೇರಿಸಿ ಕೆಎಲ್‌ಎಚ್ ಎಂಬ ವಾಹಕ ಪ್ರೋಟೀನಿಗೆ ಆ ಕಡೆಯಿಂದ ಕಟ್ಟಿಸಿದೆವು. ಪೆಪ್ಟೈಡ್ ಮಾಡುವವರು ರೂಢಿಯಂತೆ ಈ ತುದಿಗೆ ಅಮೈಡ್ ಹಚ್ಚಿ ಕಳಿಸುತ್ತಾರೆ, ಫಾರ್ಮಿನಲ್ಲಿ ಬೇಡ ಅಂತ ಬರೆಯದಿದ್ದರೆ. ನಾನು ಬರೆದಿದ್ದೆ, ಫೋನೂ ಮಾಡಿದ್ದೆ. ಯಾವ ಎಂಟು, ಇಲಿಗೂ ಮನುಷ್ಯರಿಗೂ ಒಂದೇ ಆಂಟಿಬಾಡಿ ಹೊಂದುವಂತೆ ಹೇಗೆ ಆರಿಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದರ ಪೇಪರ್ ಇನ್ನೂ ಬರೆಯಬೇಕಿದೆ.

ಮೂರು ಮೊಲಗಳಲ್ಲಿ ಒಂದು ಏನೂ ಕೊಡಲಿಲ್ಲ. ಉಳಿದೆರಡರ ಸೀರಮನ್ನು ನಾವೇ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮಾಡಿಟ್ಟಿದ್ದ ತುಂಡಿನ ಮೇಲೆ ಪರೀಕ್ಷಿಸಿದರೆ ಸೊನ್ನೆ. ಪೂರ್ತಿ ಸೊನ್ನೆ. ತಲೆ ಮೇಲೆ ಕೈಹೊತ್ತು ಕೂತೆ. ಮೊಲ ಸರಿಯಿಲ್ಲ, ಅಡ್ಜುವಂಟ್ ಸರಿಯಿಲ್ಲ, ನನ್ನ ಗ್ರಹಗತಿ ಸರಿಯಿಲ್ಲ ಅಂತ ಒಂದು ತಿಂಗಳು ಕಳೆಯಿತು. ಕೊನೆಗೆ ಅದೇ ವಿದ್ಯಾರ್ಥಿನಿ ಪ್ಲಾಸ್ಮಿಡ್ ಮ್ಯಾಪ್ (ತುಂಡು ಮಾಡಿಸುವ ಡಿಎನ್‌ಎಯ ನಕ್ಷೆ) ಹಿಡಿದುಕೊಂಡು ಬಂದಳು. ಬೆರಳಿಟ್ಟು ತೋರಿಸಿದಳು. "ಮೇಡಂ, ಹಿಸ್-ಟ್ಯಾಗ್ ಎಲ್ಲಿದೆ ನೋಡಿ." ತುಂಡನ್ನು ಶುದ್ಧಮಾಡಲು ಅಂಟಿಸುವ ಆ ಟ್ಯಾಗ್ ಇದ್ದದ್ದು ತುಂಡಿನ ಕೊನೆಯಲ್ಲಿ, ಸರಿಯಾಗಿ ನಮಗೆ ಬೇಕಾದ ತುದಿಯ ಮೇಲೆ. ಆರು ಹಿಸ್ಟಿಡೀನ್ ಟೋಪಿ ಹಾಕಿಕೊಂಡು ಕೂತಿದ್ದವು, ಆಂಟಿಬಾಡಿಗೆ ಮುಖ ಕಾಣುವುದಾದರೂ ಹೇಗೆ? ಆಂಟಿಬಾಡಿ ಸತ್ತಿರಲಿಲ್ಲ, ಅತಿ ಜಾಣತನದಿಂದ ಕೆಲಸ ಮಾಡುತ್ತಿತ್ತು. ಟ್ಯಾಗನ್ನು ಮುಂದಿನ ತುದಿಗೆ ಸಾಗಿಸಿ, 18 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಿ, ಹೊಸ ತುಂಡು ಹಾಕಿದ ದಿನ ಬ್ಯಾಂಡು ಹೊಡೆದು ಬಂತು.

ತುಂಡು ಮಾಡಿಕೊಳ್ಳುವವರಿಗೆ ಇಲ್ಲೊಂದು ಎಚ್ಚರಿಕೆ. ಅಮೈನೋ ಆಮ್ಲ ಎಣಿಸಿದರೆ ತೂಕ 30ರ ಒಳಗೆ ಬರುತ್ತದೆ, ಜೆಲ್‌ನಲ್ಲಿ ಮಾತ್ರ 40ರ ಹತ್ತಿರ ಕೂರುತ್ತದೆ. ಸಿ0 ಮತ್ತು ಸಿ1 ನಡುವಿನ ಪ್ರೋಲಿನ್-ಅಲನಿನ್ ತುಂಬಿದ ಕೊಂಡಿಯ ಕಿತಾಪತಿ ಇರಬೇಕು. ಇದು ಗೊತ್ತಿಲ್ಲದೆ ನಮ್ಮ ಹುಡುಗನೊಬ್ಬ ಒಳ್ಳೆಯ ಪ್ರೆಪ್ ಒಂದನ್ನು ತಪ್ಪು ಬ್ಯಾಂಡ್ ಅಂತ ಸಿಂಕಿಗೆ ಸುರಿದ.

ಸೀರಮ್ಮಿನಲ್ಲಿ ಇಡಿಯನ್ನೂ ಹಿಡಿಯುವ ಆಂಟಿಬಾಡಿ ಸ್ವಲ್ಪ ಇದ್ದೇ ಇತ್ತು. ಎರಡು ಕಾಲಂ ಕಟ್ಟಿದೆವು. ಮೊದಲನೆಯದರಲ್ಲಿ ಕತ್ತರಿ ಬೀಳುವ ಜಾಗದ ಆಚೀಚೆ ಸೇರಿದ, ಕತ್ತರಿಸದ ಪೆಪ್ಟೈಡ್. ಅದಕ್ಕೆ ಅಂಟಿದ್ದು ನಮಗೆ ಬೇಡ, ಅಂಟದೆ ಇಳಿದದ್ದು ಬೇಕು. ಅದನ್ನು ಎರಡನೇ ಕಾಲಮ್ಮಿಗೆ, ತುದಿ ಪೆಪ್ಟೈಡಿಗೆ ಹಾಯಿಸಿ ಪಿಎಚ್ 2.5ರ ಗ್ಲೈಸಿನ್ನಿನಲ್ಲಿ ಬಿಡಿಸಿ, ತಕ್ಷಣ ಆಮ್ಲ ತಣಿಸುವ ಟ್ರಿಸ್. ಒಂದು ಸಲ ಟ್ರಿಸ್ ಹಾಕುವುದು ಐದು ನಿಮಿಷ ತಡವಾಗಿ ಅರ್ಧ ಆಂಟಿಬಾಡಿ ಮೊಸರಾಯಿತು. 50 ಎಂಎಲ್ ಸೀರಮ್ಮಿನಿಂದ ಕೊನೆಗೆ ಕೈಗೆ ಬಂದದ್ದು ಮುಕ್ಕಾಲು ಮಿಲಿಗ್ರಾಂ ಇದ್ದಿರಬಹುದು. ಬೆಟ್ಟ ಅಗೆದು ಇಲಿ ಹಿಡಿದದ್ದು ನಿಜ, ಆದರೆ ನನಗೆ ಬೇಕಾಗಿದ್ದೇ ಇಲಿ.

ಇನ್ನು ಪ್ಲೇಟು. ಆಂಟಿಬಾಡಿ ಉಳಿಸುವ ಆಸೆಯಿಂದ ಬಯೋಟಿನ್ ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ಲೇಟು ತಂದು, ಬಯೋಟಿನ್ ಕಟ್ಟಿದ ತುದಿ ಆಂಟಿಬಾಡಿ, ಸ್ಯಾಂಪಲ್, ಬಣ್ಣ ಬರಿಸುವ ಎಚ್‌ಆರ್‌ಪಿ ಕಿಣ್ವ ಕಟ್ಟಿದ ಸಿ0 ಆಂಟಿಬಾಡಿ ಮೂರನ್ನೂ ಒಟ್ಟಿಗೆ ಸುರಿದೆವು. ಒಂದೇ ಹೆಜ್ಜೆ, ಎರಡು ಗಂಟೆ, ಕೆಲಸ ಮುಗಿಯಿತು. ಸೋಮಾರಿತನಕ್ಕೆ ಎರಡು ದಂಡ ತೆತ್ತೆ. ಮೊದಲನೆಯದು ಹುಕ್ ಎಫೆಕ್ಟ್: ಹೃದಯದ ಸಾರವನ್ನು ನೇರ ಹಾಕಿದಾಗ ಬಂದ ಬಣ್ಣಕ್ಕಿಂತ ನೂರು ಪಾಲು ತೆಳು ಮಾಡಿದಾಗ ಬಂದ ಬಣ್ಣ ಗಾಢ. ಎರಡನೆಯದು ತಮಾಷೆಯದು. ನಮ್ಮಲ್ಲೇ ರಕ್ತ ಕೊಟ್ಟ ಸಹೋದ್ಯೋಗಿಯೊಬ್ಬರ ಪ್ಲಾಸ್ಮಾಕ್ಕೆ ಎಷ್ಟು ತುಂಡು ಬೆರೆಸಿದರೂ ಓದು ಖಾಲಿ ಬಾವಿಗಿಂತ ಮೇಲೇಳುತ್ತಿರಲಿಲ್ಲ. ಬಾಯಿಬಿಡಿಸಿದರೆ ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದಾರೆ. ಅವರ ರಕ್ತದ ಬಯೋಟಿನ್ ಪ್ಲೇಟಿನ ಸೀಟೆಲ್ಲ ಹಿಡಿದು ಕೂತು ನಮ್ಮ ಆಂಟಿಬಾಡಿಗೆ ಜಾಗವೇ ಇಲ್ಲ. ಟ್ರೊಪೋನಿನ್ ಪರೀಕ್ಷೆಗಳ ಬಗ್ಗೆ ಇದೇ ಎಚ್ಚರಿಕೆಯನ್ನು ಅಮೆರಿಕದ ಎಫ್‌ಡಿಎ 2017ರಲ್ಲೇ ಕೊಟ್ಟಿತ್ತು. ಓದಿದ್ದೆ, ಮರೆತಿದ್ದೆ. ಈಗ ಆಂಟಿಬಾಡಿಯನ್ನು ಮೊದಲೇ ಪ್ಲೇಟಿಗೆ ಕೂರಿಸಿ, ತೊಳೆದು, ಆಮೇಲೆ ಸ್ಯಾಂಪಲ್, ಮತ್ತೆ ತೊಳೆದು ಸಿ0 ಆಂಟಿಬಾಡಿ. ಐದು ಗಂಟೆ ಹಿಡಿಯುತ್ತದೆ, ಹಿಡಿಯಲಿ.

ರುಮಟಾಯ್ಡ್ ಫ್ಯಾಕ್ಟರ್ (ಆಂಟಿಬಾಡಿಗಳಿಗೇ ಅಂಟುವ ಆಂಟಿಬಾಡಿ) ಇದ್ದವರ ಸೀರಮ್ ಎರಡು ಆಂಟಿಬಾಡಿಗಳನ್ನೂ ತಾನೇ ಕೈಹಿಡಿದು ಜೋಡಿಸಿ ಸುಳ್ಳು ಹಳದಿ ಕೊಡುತ್ತದೆ. ಅದಕ್ಕೆ ಡೈಲ್ಯುಯೆಂಟಿನಲ್ಲಿ ಮೊಲದ್ದೂ ಮೌಸಿನದ್ದೂ ಸಾದಾ ಐಜಿಜಿ ಆಂಟಿಬಾಡಿ ಹಾಕಿ. ಬ್ಯಾಕ್‌ಗ್ರೌಂಡ್ 0.3ರಿಂದ 0.06ಕ್ಕೆ ಇಳಿಸಿದ ಇನ್ನೊಂದು ವಸ್ತುವೂ ಇದೆ. ಅದನ್ನು ಕೇಳಬೇಡಿ. ದುಬಾರಿಯದಲ್ಲ ಅಂತ ಮಾತ್ರ ಹೇಳಬಲ್ಲೆ.

ನಾನು ಅತಿ ಹೆಚ್ಚು ಕೈ ಸುಟ್ಟುಕೊಂಡದ್ದು ರಕ್ತದ ಟ್ಯೂಬಿನಲ್ಲಿ. ಎಥಿಕ್ಸ್ ಕಮಿಟಿ ಒಪ್ಪಿಗೆಗೆ ಏಳು ತಿಂಗಳು ಕಾದು, ಎದೆನೋವಿಂದ ಬಂದವರ ಪರೀಕ್ಷೆ ಮುಗಿದು ಉಳಿದ ರಕ್ತವನ್ನು, ಹೆಸರು ಅಳಿಸಿ, ಒಂದು ಆಸ್ಪತ್ರೆಯಿಂದ ಪಡೆದೆವು. ಮೂವತ್ತು ಚಿಲ್ಲರೆ ಟ್ಯೂಬು. ಓದು ನೋಡಿದರೆ ಚೆಲ್ಲಾಪಿಲ್ಲಿ. ಹೃದಯಾಘಾತ ಅಲ್ಲ ಅಂತ ಮನೆಗೆ ಕಳಿಸಿದವರಲ್ಲೂ ಕೆಲವರಿಗೆ ಏರಿದೆ, ಆಘಾತವಾದವರಲ್ಲಿ ಕೆಲವರಿಗೆ ಆಕಾಶಕ್ಕೇರಿದೆ. ಎಲ್ಲ ಹಸಿರು ಮುಚ್ಚಳ. ಲಿಥಿಯಂ ಹೆಪಾರಿನ್. ತುರ್ತು ವಿಭಾಗದವರಿಗೆ ಅದು ಬೇಗ ಆಗುತ್ತದೆ, ಟ್ರೊಪೋನಿನ್‌ಗೆ ಏನೂ ತೊಂದರೆಯಿಲ್ಲ. ಆದರೆ ಹೆಪಾರಿನ್ ಕ್ಯಾಲ್ಸಿಯಮ್ಮನ್ನು ಹಿಡಿಯುವುದಿಲ್ಲ. ಸತ್ತ ಕೋಶಗಳಿಂದ ಸೋರಿದ ಕ್ಯಾಲ್ಪೇನ್, ಸೋರಿದ ಇಡೀ ಪ್ರೋಟೀನ್, ರಕ್ತದ ಧಾರಾಳ ಕ್ಯಾಲ್ಸಿಯಂ ಮೂರೂ ಒಂದೇ ಟ್ಯೂಬಿನಲ್ಲಿ, ಟ್ಯೂಬು ಕೌಂಟರಿನ ಮೇಲೆ ಎಷ್ಟು ಹೊತ್ತು ಇತ್ತೋ ದೇವರೇ ಬಲ್ಲ. ಮೊದಲ ಬ್ಲಾಟಿನ ಕಥೆಯೇ ಮತ್ತೆ, ಈ ಸಲ ಮನುಷ್ಯರ ರಕ್ತದಲ್ಲಿ.

ಅನುಮಾನ ಪರಿಹಾರಕ್ಕೆ ಆರೋಗ್ಯವಂತರ ರಕ್ತವನ್ನು ಮೂರು ಥರದ ಟ್ಯೂಬಿನಲ್ಲಿ ತೆಗೆದು, ಇಲಿ ಹೃದಯದ ಹಸಿ ಸಾರ ಸಮ ಸಮ ಬೆರೆಸಿ, ಮೇಜಿನ ಮೇಲೆ ಬಿಟ್ಟು ಗಂಟೆಗೊಮ್ಮೆ ಅಳೆದೆ. ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಟ್ಯೂಬು ನಾಲ್ಕು ಗಂಟೆಯವರೆಗೂ ಅಲುಗಲಿಲ್ಲ, ಹತ್ತರಲ್ಲಿ ಒಂದು ಪಾಲು ಏರಿರಬಹುದು. ಹೆಪಾರಿನ್ ಮೂರು ಪಟ್ಟು. ಹೆಪ್ಪುಗಟ್ಟಲು ಬಿಟ್ಟ ಸಾದಾ ಟ್ಯೂಬು ಅದಕ್ಕೂ ಮೇಲೆ. ಹಿರಿಯರು ಹೇಳಿದ ಹತ್ತು ನಿಮಿಷದ ಮಾತು ನೆನಪಾಯಿತು. ತುಂಡು ಮಾಯವಾಗುವುದು ನಮ್ಮ ಸಮಸ್ಯೆಯಾಗಿರಲೇ ಇಲ್ಲ. ಹೆಚ್ಚಾಗುವುದು ಸಮಸ್ಯೆಯಾಗಿತ್ತು. ಕತ್ತರಿ ಹೃದಯದಲ್ಲಿ ಬಿತ್ತೋ ಟ್ಯೂಬಿನಲ್ಲಿ ಬಿತ್ತೋ ಅನ್ನುವುದನ್ನು ನಮ್ಮ ಆಂಟಿಬಾಡಿ ಹೇಳಲಾರದು, ಟ್ಯೂಬೇ ಹೇಳಬೇಕು. ಇಡಿಟಿಎಯ ನೇರಳೆ ಮುಚ್ಚಳ, ಅರ್ಧ ಗಂಟೆಯೊಳಗೆ ಸ್ಪಿನ್. ಇವೆರಡು ಬಿಟ್ಟರೆ ಬೇರೆ ಷರತ್ತಿಲ್ಲ.

ಇಷ್ಟಾದ ಮೇಲೆ ಇಲಿಗಳಲ್ಲಿ ಚಿತ್ರ ತಿಳಿಯಾಯಿತು. ನಾಳ ಕಟ್ಟಿ ಒಂದು ಗಂಟೆಗೆ ಏರಲು ಶುರು, ನಾಲ್ಕರಿಂದ ಆರು ಗಂಟೆಗೆ ತುದಿ, ಮರುದಿನಕ್ಕೆ ಅರ್ಧಕ್ಕಿಂತ ಕೆಳಗೆ. ಸುಮ್ಮನೆ ಹೊಲಿದವುಗಳಲ್ಲಿ ಸ್ವಲ್ಪ ಏರಿಕೆ ಇತ್ತು, ಎದೆ ತೆರೆದರೆ ಅಷ್ಟಾದರೂ ಆಗುತ್ತದೆ. ಮನುಷ್ಯರ ಹೊಸ ಕಂತು ಸುಮಾರು 60 ಟ್ಯೂಬು, ಎಲ್ಲ ಇಡಿಟಿಎ. ಕೊನೆಯ ತೀರ್ಮಾನದಲ್ಲಿ ಹೃದಯಾಘಾತ ಅಂತಾದವರು ಇಪ್ಪತ್ತೆರಡೋ ಇಪ್ಪತ್ಮೂರೋ. ನನಗೆ ಕುತೂಹಲವಿದ್ದದ್ದು ನೋವು ಶುರುವಾಗಿ ಮೂರು ಗಂಟೆಯೊಳಗೆ ಬಂದವರ ಬಗ್ಗೆ, ಅಂಥವರು ಒಂಬತ್ತು ಮಂದಿ. ಏಳರಲ್ಲಿ ನಮ್ಮ ಪ್ಲೇಟು ಗಾಢ ಹಳದಿ. ಆ ಏಳರಲ್ಲಿ ಇಬ್ಬರ ಮೊದಲ ಟ್ರೊಪೋನಿನ್ ಗಡಿಯಲ್ಲಿ ನಿಂತಿತ್ತು, ಎರಡನೇ ಸಲಕ್ಕೆ ಏರಿತ್ತು. ಒಂಬತ್ತು ಮಂದಿಯನ್ನು ಇಟ್ಟುಕೊಂಡು ಡಂಗುರ ಹೊಡೆಯುವ ಹಾಗಿಲ್ಲ, ಗೊತ್ತು. ಮೂತ್ರಪಿಂಡ ಕೆಟ್ಟ ಇಬ್ಬರಲ್ಲಿ ಆಘಾತವಿಲ್ಲದೆಯೂ ಏರಿತ್ತು. ಟ್ರೊಪೋನಿನ್‌ಗೂ ಆ ಕಾಟ ಇದೆ, ಹಾಗಂತ ನಮ್ಮದಕ್ಕೆ ಮಾಫಿಯೇನೂ ಇಲ್ಲ.

ಅಸ್ಥಿ ಸ್ನಾಯು ಅಡ್ಡ ಬರುತ್ತದೆಯೇ ಅಂತ ಕೇಳಿದವರಿದ್ದರು. ಪುಸ್ತಕದ ಉತ್ತರ ಸುಲಭ: ಕೈಕಾಲಿನ ಸ್ನಾಯುವಿನ ಸಿ-ಪ್ರೋಟೀನುಗಳು ಬೇರೆ ಜೀನಿನವು, ಅವಕ್ಕೆ ಸಿ0 ಡೊಮೇನೇ ಇಲ್ಲ. ಬಾಯಿಮಾತು ಯಾಕೆ ಅಂತ ನಾನೇ 200 ಬಸ್ಕಿ ಹೊಡೆದೆ, ವ್ಯಾಯಾಮ ಬಿಟ್ಟು ಆರು ವರ್ಷವಾದ ಕಾಲುಗಳಲ್ಲಿ. ಮೂರು ದಿನ ಮೆಟ್ಟಿಲು ಹಿಮ್ಮುಖವಾಗಿ ಇಳಿದೆ. ಸ್ನಾಯು ಪೆಟ್ಟಾದರೆ ಏರುವ ಸಿಕೆ ಮರುದಿನ ಮಾಮೂಲಿನ ಇಪ್ಪತ್ತು ಪಟ್ಟು, ನಮ್ಮ ಪ್ಲೇಟಿನಲ್ಲಿ ನನ್ನ ಬಾವಿ ಖಾಲಿ ಬಾವಿಯ ಪಕ್ಕದಲ್ಲೇ. ಅದರ ಫೋಟೋ ನನ್ನ ಮೇಜಿನ ಗಾಜಿನ ಕೆಳಗಿದೆ.

ಜೀನ್ ಬದಲಾವಣೆ ಇದ್ದವರಲ್ಲಿ ಈ ಪರೀಕ್ಷೆ ಕೆಡುತ್ತದೆಯೇ ಅನ್ನುವುದು ಇನ್ನೊಂದು ಪ್ರಶ್ನೆ. ದಕ್ಷಿಣ ಏಷ್ಯಾ ಮೂಲದವರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಇರುವ, 2009ರಲ್ಲಿ ವರದಿಯಾದ 25 ಬೇಸ್ ಕಾಣೆಯಾಗುವ ಬದಲಾವಣೆ ಕೆಡಿಸುವುದು ಬಾಲದ ಸಿ10 ಭಾಗವನ್ನು. ನಾವು ಹಿಡಿಯುವುದು ತಲೆಯನ್ನು. ಅಷ್ಟರಮಟ್ಟಿಗೆ ಬಚಾವು.

ಔಷಧಿಯ ಕಡೆಗೆ ಹೋದದ್ದು ಅಡ್ಡದಾರಿ, ಇನ್ನೂ ಅರ್ಧದಾರಿ. 2022ರ ಏಪ್ರಿಲ್‌ನಲ್ಲಿ ಎಫ್‌ಡಿಎ ಒಪ್ಪಿದ ಮ್ಯಾವಕ್ಯಾಮ್ಟೆನ್ ಮಯೋಸಿನ್ನನ್ನೇ ಹಿಡಿದು ನಿಧಾನ ಮಾಡುತ್ತದೆ. ಅಂದರೆ ಎಂಜಿನ್ನಿಗೆ ಕೈ. ಸಿ-ಪ್ರೋಟೀನ್ ಬ್ರೇಕು, ಅದಕ್ಕೆ ನೇರ ಕೈ ಹಾಕುವ ಮಾತ್ರೆ ಅಂಗಡಿಗೆ ಬಂದಿಲ್ಲ. ನನ್ನ ಯೋಚನೆ ಚಿಕ್ಕದು: ತುಂಡು ಆಕ್ಟಿನ್‌ಗೆ ಅಂಟದಂತೆ ಮಾಡುವ ಅಣು ಸಿಗಬಹುದೇ? ಎಫ್-ಆಕ್ಟಿನ್ (ಆಕ್ಟಿನ್ ಎಳೆ) ಜೊತೆ ತುಂಡು ಬೆರೆಸಿ ಗುರುತ್ವದ ಲಕ್ಷ ಪಟ್ಟು ಬಲದಲ್ಲಿ ಅರ್ಧ ಗಂಟೆ ತಿರುಗಿಸಿದರೆ, ಅಂಟಿದ್ದು ತಳಕ್ಕೆ, ಅಂಟದ್ದು ಮೇಲೆ. ಬೇರೆ ಲ್ಯಾಬಿನವರ ಫ್ರೀಜರ್ ಖಾಲಿ ಮಾಡುವಾಗ ಬಿಟ್ಟಿಯಾಗಿ ಸಿಕ್ಕ ಐವತ್ತು ಚಿಲ್ಲರೆ ಅಣುಗಳನ್ನು ಹಾಕಿ ನೋಡಿದೆ. ಏಳು ಕೆಲಸ ಮಾಡಿದವು! ಆ ವಾರ ಪೂರ್ತಿ ನೆಲಕ್ಕೆ ಕಾಲು ತಾಗಲಿಲ್ಲ. ಆಮೇಲೆ 0.01 ಶೇಕಡಾ ಟ್ರೈಟನ್ ಎಂಬ ಡಿಟರ್ಜೆಂಟ್ ಹಾಕಿ ಮತ್ತೆ ಮಾಡಿದೆ. ಆರು ಮಂಗಮಾಯ. ಅವು ಅಂಟು ಬಿಡಿಸುತ್ತಿರಲಿಲ್ಲ, ತಾವೇ ಗುಂಪುಕಟ್ಟಿ ಪ್ರೋಟೀನನ್ನು ನುಂಗುತ್ತಿದ್ದವು. ಉಳಿದ ಒಂದು ಸುರಾಮಿನ್. ಅದು ಇಂಥ ಕಡೆ ಕೆಲಸ ಮಾಡುತ್ತದೆ ಅಂತ ಬೇರೆಯವರು ಆಗಲೇ ತೋರಿಸಿದ್ದಾರೆ, ಮೇಲಾಗಿ ಅಷ್ಟು ಋಣ ಚಾರ್ಜು ಹೊತ್ತ ಅಣು ಯಾವುದಕ್ಕೆ ತಾನೇ ಅಂಟುವುದಿಲ್ಲ? ಔಷಧಿ ಆಗಲಾರದು. ನನಗೆ ಒಳ್ಳೆಯ ಪಾಸಿಟಿವ್ ಕಂಟ್ರೋಲ್ ಆಯಿತು, ಅಷ್ಟೇ.

ಇನ್ನೊಂದು ದಾರಿ ಕತ್ತರಿಯೇ ಬೀಳದಂತೆ ಮಾಡುವುದು. ಕತ್ತರಿ ಬೀಳುವ ಜಾಗದ ಪಕ್ಕದಲ್ಲೇ ಫಾಸ್ಫೇಟ್ ಕೂರುವ ಸೀರಿನ್‌ಗಳಿವೆ, ಇಲಿಗಳ ಲೆಕ್ಕದಲ್ಲಿ 273, 282, 302, ಮನುಷ್ಯರದ್ದಕ್ಕೆ ಎರಡೆರಡು ಸೇರಿಸಿಕೊಳ್ಳಿ. ಅಲ್ಲಿ ಫಾಸ್ಫೇಟ್ ಇದ್ದರೆ ಕ್ಯಾಲ್ಪೇನ್ ಹಿಂಜರಿಯುತ್ತದೆ ಅನ್ನುವುದು ತಿಳಿದ ವಿಷಯ. ಹೃದಯವನ್ನು ಜೋರಾಗಿ ಓಡಿಸುವ ಔಷಧಿ ಐಸೋಪ್ರಿನಲಿನ್ ಕೊಟ್ಟು ಫಾಸ್ಫೇಟ್ ಏರಿಸಿ, ಆಮೇಲೆ ರಕ್ತ ನಿಲ್ಲಿಸಿ ನೋಡೋಣ ಅಂದುಕೊಂಡೆ. ಫಾಸ್ಫೇಟ್ ನೋಡಲು ಫಾಸ್-ಟ್ಯಾಗ್ ಜೆಲ್ ಬೇಕು, ಅದರೊಳಗಿನ ಮ್ಯಾಂಗನೀಸನ್ನು ಇಜಿಟಿಎ ಕಿತ್ತುಕೊಳ್ಳುತ್ತದೆ. ಇಜಿಟಿಎ ಬಿಟ್ಟರೆ ಕ್ಯಾಲ್ಪೇನ್ ಟ್ಯೂಬಿನಲ್ಲೇ ಕತ್ತರಿಸುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೂರು ಜೆಲ್ ಮಸಿ ಬಳಿದಂತಾದ ಮೇಲೆ, ಇಜಿಟಿಎಯಲ್ಲೇ ಅರೆದು, ಟಿಸಿಎ ಆಮ್ಲ ಹಾಕಿ ಪ್ರೋಟೀನನ್ನು ತಳಕ್ಕೆ ಕೂರಿಸಿ, ಅಸಿಟೋನಿನಲ್ಲಿ ತೊಳೆದು ಮತ್ತೆ ಕರಗಿಸಿ ಓಡಿಸಿದೆವು. ಬ್ಯಾಂಡು ಬಿಡಿಬಿಡಿಯಾಗಿ ನಿಂತವು. ಸ್ವಲ್ಪ ಐಸೋಪ್ರಿನಲಿನ್ ಕೊಟ್ಟ ಹೃದಯಗಳಲ್ಲಿ ತುಂಡು ಕಡಿಮೆ, ಮೂರರಲ್ಲಿ ಒಂದು ಪಾಲು ಕಡಿಮೆ ಅನ್ನಬಹುದು. ಡೋಸ್ ಏರಿಸಿದರೆ ತುಂಡು ಮತ್ತೆ ಜಾಸ್ತಿ, ಯಾಕೆಂದರೆ ಅಷ್ಟು ಐಸೋಪ್ರಿನಲಿನ್ ಹೃದಯವನ್ನೇ ಕೊಲ್ಲುತ್ತದೆ. ಹೃದಯವನ್ನು ಓಡಿಸದೆ ಆ ಸೀರಿನ್‌ಗಳಿಗೆ ಮಾತ್ರ ಫಾಸ್ಫೇಟ್ ಉಳಿಸುವ ಉಪಾಯ ಬೇಕು. ಫಾಸ್ಫೇಟ್ ಕಿತ್ತುಹಾಕುವ ಕಿಣ್ವ ಫಾಸ್ಫಟೇಸ್ ಕಡೆಯಿಂದ ಬರುವ ಪ್ರಯತ್ನ ನಡೆದಿದೆ, ಈಗ ಮಾತಾಡುವಷ್ಟಿಲ್ಲ.

ಸದ್ಯದ ಲೆಕ್ಕ ಹೀಗಿದೆ. ನಮ್ಮ ಒಂದು ಪ್ಲೇಟಿನ ಖರ್ಚು ರೆಡಿಮೇಡ್ ಕಿಟ್ಟಿನ ಎಂಟರಲ್ಲೊಂದು ಪಾಲು, ಹಾಳಾದ ಮೊಲಗಳ ಲೆಕ್ಕ ಸೇರಿಸಿದರೆ ಐದರಲ್ಲೊಂದು. ಒಂದೇ ದಿನದ ಡೂಪ್ಲಿಕೇಟುಗಳ ನಡುವೆ ಶೇಕಡಾ ಆರೇಳು ವ್ಯತ್ಯಾಸ, ಬೇರೆ ಬೇರೆ ದಿನಗಳಿಗೆ ಹನ್ನೆರಡು. ಕೊಂಡು ತರುವ ಸಿ0 ಆಂಟಿಬಾಡಿಯ ಲಾಟ್ ಬದಲಾದಾಗಲೆಲ್ಲ ಕರ್ವ್ ಹೊಸದಾಗಿ ಹಾಕಬೇಕು. ಮಾರುವವರು ಅದನ್ನು ತಾವಾಗಿ ಹೇಳುವುದಿಲ್ಲ. ಮೊಲದ ಆಂಟಿಬಾಡಿ ಮೈನಸ್ 80ರಲ್ಲಿ ನಾಲ್ಕು ಟ್ಯೂಬು ಉಳಿದಿದೆ, ಎರಡು ಬೇರೆ ಬೇರೆ ಫ್ರೀಜರಿನಲ್ಲಿ.

ಮೂಗು ಮುರಿದಿದ್ದ ಹಿರಿಯರು ಕಳೆದ ತಿಂಗಳು ಬಾಗಿಲಲ್ಲಿ ನಿಂತು, "ನಮ್ಮ ವಾರ್ಡಿಂದ ಒಂದಿಪ್ಪತ್ತು ಸ್ಯಾಂಪಲ್ ಕಳಿಸಲೇನಮ್ಮ?" ಅಂದರು. ಕಳಿಸಿ ಸರ್ ಅಂದೆ. ಮರುದಿನವೇ ಬಂತು, ಐಸ್ ಡಬ್ಬಿಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿ. ಇಪ್ಪತ್ತೂ ಹಸಿರು ಮುಚ್ಚಳ. ಒಂದು ರ‍್ಯಾಕ್ ನೇರಳೆ ಮುಚ್ಚಳದ ಖಾಲಿ ಟ್ಯೂಬುಗಳನ್ನು ಅದೇ ಡಬ್ಬಿಯಲ್ಲಿಟ್ಟು ವಾಪಸ್ ಕಳಿಸಿದ್ದೇನೆ.